ಒಂದು ಕಿಸೆಯಷ್ಟು ಖಡು

ನಿವೃತ್ತ ಮಾಸ್ತರ ಸುಮ್ಮನೆ ಕೂತದ್ದನ್ನು ನಮ್ಮ ಕಡೆಯ ಊರುಗಳು ಸಹಿಸುವುದಿಲ್ಲ. ಸೊಸೈಟಿಯವರು ಲೆಕ್ಕ ಬರೆಯಲು ಕರೆಯುತ್ತಾರೆ, ಭಜನಾ ಮಂಡಳಿಯವರು ಪೇಟಿಯ ಮುಂದೆ ಕೂಡಿಸುತ್ತಾರೆ, ಓಣಿಯ ಹೆಣ್ಣುಮಕ್ಕಳು ಸಂಜೆಯಾದರೆ ಮಕ್ಕಳನ್ನು ಮಗ್ಗಿ ಪುಸ್ತಕದ ಸಮೇತ ನಮ್ಮ ಕಟ್ಟೆಗೆ ಅಟ್ಟುತ್ತಾರೆ. ಇಷ್ಟೆಲ್ಲ ಮರ್ಯಾದೆಯ ಕೆಲಸಗಳಿರುವಾಗ ಹೆಗಲಿಗೊಂದು ಚೀಲ, ಕಿಸೆಯಲ್ಲೊಂದು ಲಿಂಬೆಹಣ್ಣು ಇಟ್ಟುಕೊಂಡು, ನೆಲ ನೋಡುತ್ತ ಹೊಲದ ಬದುವಿನಗುಂಟ ತಿರುಗುವವನನ್ನು ಕಂಡರೆ ಜನ ಏನೆಂದುಕೊಳ್ಳಬೇಕು? ನಮ್ಮೂರು ದಡ್ಡಿಯಲ್ಲಿ ಸದ್ಯ ಎರಡು ಅಭಿಪ್ರಾಯಗಳಿವೆ. ಮಾಸ್ತರಿಗೆ ಎಲ್ಲೋ ನಿಧಿಯ ಸುಳಿವು ಸಿಕ್ಕಿದೆ ಎನ್ನುವುದು ಒಂದು. ಯಾರೋ ಮಾಟ ಮಾಡಿಸಿದ್ದಾರೆ, ಇಲ್ಲದಿದ್ದರೆ ಲಿಂಬೆಹಣ್ಣು ಯಾಕೆ ಎನ್ನುವುದು ಇನ್ನೊಂದು.

ಹುಡುಕುತ್ತಿರುವುದು ಖಡು, ಅಂದರೆ ಸೀಮೆಸುಣ್ಣ, ಎಂದು ನಾನೇ ಬಾಯಿಬಿಟ್ಟು ಹೇಳಿದರೆ ಮೂರನೆಯ ಅಭಿಪ್ರಾಯ ಹುಟ್ಟುತ್ತದೆ. ಅದು ಮೊದಲಿನ ಎರಡಕ್ಕಿಂತ ಕೆಟ್ಟದ್ದು.

"ಖಡು ಬೇಕಾದರ ನಮ್ಮ ಅಂಗಡ್ಯಾಗ ಡಬ್ಬಿಗಟ್ಟಲೆ ಅದಾವಲ್ರಿ ಸರ. ರೊಕ್ಕ ಆಮ್ಯಾಗ ಕೊಡ್ರಿ," ಎಂದ ಕಿರಾಣಿ ಅಂಗಡಿಯ ಹುಡುಗ. ಅವನೂ ನನ್ನ ಶಿಷ್ಯನೇ. ಮಾಸ್ತರ ಪೆನ್ಶನ್ ಸಾಲದೆ ಖಡು ಆರಿಸಲು ಹೊರಟಿದ್ದಾರೆ ಎಂಬ ಮರುಕ ಅವನ ದನಿಯಲ್ಲಿತ್ತು.

ಡಬ್ಬಿಯ ಖಡುವಿನ ಮೇಲೆ ನನಗೇನೂ ಸಿಟ್ಟಿಲ್ಲ. ಅಂಗಿಯ ತೋಳಿಗೆ, ಉಗುರಿನ ಸಂದಿಗೆ, ಮೂಗಿನೊಳಗೆ ಅದರ ಪುಡಿ ಹೊತ್ತು ಸಂಸಾರ ಮಾಡಿದವನು ನಾನು. ಹಿಂದಿನ ಬೆಂಚಿನ ಮಾತುಗಾರರ ಮೇಲೆ ಗುರಿಯಿಟ್ಟು ಒಗೆಯಲು ಅದಕ್ಕಿಂತ ಒಳ್ಳೆಯ ಆಯುಧ ಸಿಗಲಿಲ್ಲ: ತಗುಲಿದರೂ ನೋವಿಲ್ಲ, ತಪ್ಪಿದರೂ ಸದ್ದುಂಟು. ಆದರೆ ಅದು ಬಹುಮಟ್ಟಿಗೆ ಜಿಪ್ಸಮ್. ಸುಟ್ಟು, ಪುಡಿ ಮಾಡಿ, ನೀರಲ್ಲಿ ಕಲಸಿ, ಅಚ್ಚಿಗೆ ಹೊಯ್ದು ಒಣಗಿಸಿದ್ದು. ಲಿಂಬೆರಸ ಹಿಂಡಿದರೆ ತೊಯ್ಯುತ್ತದೆ, ಅಷ್ಟೆ. ಕೈಗೆ ಪುಡಿ ಹತ್ತುವುದಿಲ್ಲ ಎಂದು ಹೆಚ್ಚು ಬೆಲೆಗೆ ಮಾರುವ ಖಡು ಮಾತ್ರ ಸಾಮಾನ್ಯವಾಗಿ ಸುಣ್ಣದ್ದು, ಹುಳಿ ಬಿದ್ದರೆ ಸಣ್ಣಗೆ ನೊರೆಗುಟ್ಟುತ್ತದೆ. ನನಗೆ ಬೇಕಾದದ್ದು ಯಾವ ಅಚ್ಚಿನಿಂದಲೂ ಬಾರದ್ದು. ಕಲ್ಲಾಗಿಯೇ ಹುಟ್ಟಿ, ಕಲ್ಲಾಗಿಯೇ ನೆಲದಲ್ಲಿ ಬಿದ್ದಿರುವ ಖಡು.

ಅಂಥದ್ದೊಂದಿದೆ. ಸಮುದ್ರದ ಮೇಲ್ಪದರದಲ್ಲಿ ತೇಲುವ ಕಾಕೋಲಿತೋಫೋರ್ ಎಂಬ ಪಾಚಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಮೈತುಂಬ ಸುಣ್ಣದ ಬಿಲ್ಲೆಗಳನ್ನು ತೊಟ್ಟಿರುತ್ತದೆ. ಒಂದೊಂದು ಬಿಲ್ಲೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ದೊಡ್ಡದು. ಪಾಚಿ ಸಾಯುತ್ತದೆ, ಬಿಲ್ಲೆಗಳು ತಳಕ್ಕಿಳಿಯುತ್ತವೆ. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರಿನ ಲೆಕ್ಕದಲ್ಲಿ, ಯಾರಿಗೂ ಅವಸರವಿಲ್ಲದೆ, ಸುಮಾರು 10 ಕೋಟಿ ವರ್ಷದ ಹಿಂದಿನಿಂದ 6 ಕೋಟಿ 60 ಲಕ್ಷ ವರ್ಷದ ಹಿಂದಿನ ತನಕ ಯುರೋಪಿನ ಕಡಲ ತಳದಲ್ಲಿ ಈ ಕೆಲಸ ನಡೆಯಿತು. ಇಂಗ್ಲೆಂಡಿನ ಡೋವರಿನಲ್ಲಿ ನೂರು ಮೀಟರಿಗೂ ಎತ್ತರ ನಿಂತ ಬಿಳಿಯ ಬಂಡೆಗಳು ಅದೇ ಸರಕು. 1868ರಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ವಿಜ್ಞಾನಿ ನಾರ್ವಿಚ್ ಊರಿನ ಕೂಲಿಕಾರರನ್ನು ಕೂಡಿಸಿಕೊಂಡು, ಬಡಗಿಯ ಕಿಸೆಯಲ್ಲಿರುವ ಖಡುವಿನ ತುಂಡಿನಿಂದ ಶುರುಮಾಡಿ ಭೂಮಿಯ ಚರಿತ್ರೆಯನ್ನೇ ಹೇಳಿಬಿಟ್ಟ. ನಾನು ಡಬ್ಬಿಯ ಖಡು ಹಿಡಿದು ಮಧ್ಯಮ ಪುರುಷ ಏಕವಚನ ಕಲಿಸುತ್ತಿದ್ದೆ.

ಆ ಖಡು ದಡ್ಡಿಯಲ್ಲಿ ಸಿಗುವುದಿಲ್ಲ. ಇದು ನನಗೆ ಮೊದಲ ದಿನದಿಂದಲೇ ಗೊತ್ತು. ಹುಕ್ಕೇರಿ ತಾಲೂಕಿನ ಪಡುವಣ ಅಂಚಿಗೆ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು, ಘಟಪ್ರಭೆಯ ಮಗ್ಗುಲಲ್ಲಿರುವ ಊರು ನಮ್ಮದು. ಕಾಲ ಕೆಳಗಿರುವುದು ದಖನಿನ ಕಪ್ಪುಕಲ್ಲು, ಅಂದರೆ ತಣಿದ ಲಾವಾ. ಅದು ಉಕ್ಕಿದ್ದು ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ. ಅತ್ತ ಸಮುದ್ರ ಖಡು ಮಾಡಿ ಮುಗಿಸುತ್ತ ಬಂದ ಹೊತ್ತಿಗೆ ಸರಿಯಾಗಿ ಇತ್ತ ನಮ್ಮ ನೆಲ ಬೆಂಕಿ ಕಾರುತ್ತಿತ್ತು. ಹೊಳೆಯಗುಂಟ ಕೆಳಗಿಳಿದು ಗೋಕಾಕಕ್ಕೆ ಹೋದರೆ ಲಾವಾ ಸರಿದು ಕಲಾದಗಿಯ ಮರಳುಗಲ್ಲು ಮೇಲೆದ್ದು ಬರುತ್ತದೆ. ಸುಮಾರು 52 ಮೀಟರ್ ಧುಮುಕುವ ಗೋಕಾಕ ಫಾಲ್ಸ್ ಆ ಕಲ್ಲಿನದೇ ಮೆಟ್ಟಿಲು. ಅದೇ ಸರಣಿಯಲ್ಲಿ ಲೋಕಾಪುರ, ಬಾಗಲಕೋಟೆಯ ಕಡೆ ಸುಣ್ಣದ ಕಲ್ಲೂ ಉಂಟು, ಸಿಮೆಂಟು ಮಾಡುವಷ್ಟು ಉಂಟು. ಆದರೆ ಅದಕ್ಕೆ ನೂರು ಕೋಟಿ ವರ್ಷ ಮೀರಿದ ವಯಸ್ಸು. ಬಿಲ್ಲೆ ತೊಡುವ ಪಾಚಿ ಆಗಿನ್ನೂ ಹುಟ್ಟಿರಲಿಲ್ಲ. ಒಟ್ಟಿನಲ್ಲಿ ಒಂದು ಕಡೆ ಬಹಳ ಬೇಗ, ಇನ್ನೊಂದು ಕಡೆ ಬೆಂಕಿ. ನಮ್ಮ ಭಾಗಕ್ಕೆ ಖಡು ಬರಲೇ ಇಲ್ಲ. ದೇಶದಲ್ಲಿ ಖಡು ಅಗೆಯುವ ಜಾಗ ಎಂದರೆ ಗುಜರಾತಿನ ಪೋರಬಂದರದ ಸೀಮೆ. ಮಹಾತ್ಮರು ಹುಟ್ಟಿದ ಊರಿಗೆ ಅದೂ ಒಂದು ಭಾಗ್ಯ.

ಇಲ್ಲ ಎಂದು ಗೊತ್ತಿದ್ದೂ ಹುಡುಕುವುದೇನು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಸಿಗುವುದೆಂದು ಗೊತ್ತಿರುವುದನ್ನು ತರಲು ಹೋಗುವುದಕ್ಕೆ ಸಂತೆ ಎನ್ನುತ್ತಾರೆ, ಅದಕ್ಕೂ ಅವಳು ನನ್ನನ್ನೇ ಕಳಿಸುತ್ತಾಳೆ. ಇದು ಬೇರೆ.

ಖಡು ಇಲ್ಲದಿದ್ದರೂ ಅದಕ್ಕೊಂದು ಕಾಯಿದೆ ಇದೆ. ಸರ್ಕಾರಿ ಶಾಲೆಯಲ್ಲಿ ಬೆಂದವನು ನಾನು, ಕಾಗದ ನೋಡದೆ ಹೆಜ್ಜೆ ಇಡುವವನಲ್ಲ. ಕೇಂದ್ರದ ಗಣಿ ಮಂತ್ರಾಲಯ 2015ರ ಫೆಬ್ರುವರಿ 10ರಂದು ಅಧಿಸೂಚನೆ ಹೊರಡಿಸಿ 31 ಖನಿಜಗಳನ್ನು ಉಪ ಖನಿಜಗಳ ಪಟ್ಟಿಗೆ ಸೇರಿಸಿತು. ಅವುಗಳ ಕಾರುಬಾರು ಆಗ ರಾಜ್ಯಗಳ ಕೈಗೆ ಬಂತು. ನಮ್ಮಲ್ಲಿ 1994ರ ಕರ್ನಾಟಕ ಉಪ ಖನಿಜ ರಿಯಾಯಿತಿ ನಿಯಮಗಳಿವೆ. ಆ ಪಟ್ಟಿಯನ್ನು ಓದುತ್ತ ಹೋದಂತೆ ನನಗೆ ಹಾಜರಿ ಕೂಗಿದಂತಾಯಿತು. ಖಡು ಇದೆ. ಸುಣ್ಣದ ಹರಳು ಇದೆ. ಜಿಪ್ಸಮ್ ಇದೆ. ಕೊನೆಗೆ ಬಂದರೆ ಪಾಟಿಯ ಕಲ್ಲು, ಅದಕ್ಕೆ ಅಂಟಿಕೊಂಡೇ ಬಳಪದ ಕಲ್ಲು. ಒಂದನೇ ಇಯತ್ತೆಯ ಪೂರಾ ಸಾಮಾನು ಒಂದೇ ಗೆಜೆಟ್ಟಿನಲ್ಲಿ! ಇಂಗ್ಲಿಷ್ ಅಕ್ಷರಗಳ ಕ್ರಮದಿಂದ ಆದದ್ದು ಅದು, ಬಲ್ಲೆ. ಆದರೂ ದೆಹಲಿಯ ಯಾವುದೋ ಕಚೇರಿಯಲ್ಲಿ ಪಾಟಿ ಮತ್ತು ಬಳಪವನ್ನು ಒಟ್ಟಿಗೆ ಕೂಡಿಸಿದರಲ್ಲ ಎಂದು ಖುಷಿಯಾಯಿತು. ಈಗಿನ ಮಕ್ಕಳ ಪಾಟೀಚೀಲದಲ್ಲಿ ಎರಡೂ ಇಲ್ಲ.

ವಿಚಾರಿಸೋಣವೆಂದು ಒಂದು ಕಚೇರಿಗೂ ಹೋದೆ.

"ಎಷ್ಟ ಟನ್ನಿಗೆ ಅರ್ಜಿ ಹಾಕವ್ರ ಸರ?" ಎಂದರು ಅಲ್ಲಿದ್ದ ಗುಮಾಸ್ತರು.

"ಟನ್ ಅಲ್ರಿ. ಒಂದ ಕಿಸೆ."

"ಎಷ್ಟ ಎಕರೆದಾಗ ಗಣಿ?"

"ಗಣಿ ಇಲ್ಲ. ಬಿದ್ದಿದ್ದ ಆರಿಸೋದು."

"ಮಷೀನ ಯಾವುದು?"

ಕೈ ತೋರಿಸಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅರ್ಜಿಯ ಯಾವ ಕಾಲಮ್ಮಿನಲ್ಲೂ ಕಿಸೆ ಎಂಬ ಅಳತೆ ಇಲ್ಲ. ಆಮೇಲೆ ಚಹಾ ತರಿಸಿ ತಮ್ಮ ಮಗನ ಗಣಿತದ ಮಾರ್ಕ್ಸಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಎದ್ದು ಬರುವಾಗ ಮೆಲ್ಲಗೆ, "ಹೊಲದವರನ್ನ ಕೇಳಿ ಆರಿಸಿರಿ ಸರ. ಹೊಳಿಗಿಂತೂ ಚೀಲ ತಗೊಂಡ ಇಳೀಬ್ಯಾಡ್ರಿ. ಉಸುಕಿನವ ಅಂದಗಿಂದಾರು," ಎಂದರು. ಇರುಳಿಡೀ ಲಾರಿ ತುಂಬುವವರನ್ನು ಬಿಟ್ಟು ನನ್ನ ಕಿಸೆಗೆ ಕೈ ಹಾಕುತ್ತಾರೆಯೇ ಎಂದು ಕೇಳಬೇಕೆನಿಸಿತು. ಚಹಾ ಕುಡಿದ ಋಣ ಸುಮ್ಮನಾಗಿಸಿತು.

ಹಾಗಾಗಿ ನನ್ನ ಕಟ್ಟಳೆಗಳನ್ನು ನಾನೇ ಮಾಡಿಕೊಂಡೆ. ಹೊಲದ ಒಡೆಯ ಹೂಂ ಎನ್ನದೆ ಬದು ದಾಟುವುದಿಲ್ಲ. ಗುದ್ದಲಿ ಒಯ್ಯುವುದಿಲ್ಲ, ನೇಗಿಲೋ ಮಳೆಯೋ ಎಬ್ಬಿಸಿದ್ದನ್ನಷ್ಟೇ ಮುಟ್ಟುವುದು. ಕಿಸೆ ತುಂಬಿದ ಮೇಲೆ ಇನ್ನೊಂದು ಬೇಕೆನಿಸಿದರೆ ಮೊದಲು ಒಂದನ್ನು ಕೆಳಗಿಡಬೇಕು. ಈ ನಿಯಮ ನನ್ನ ಹೆಂಡತಿಯದು, ಅಂಗಿ ಹೊಲಿಯುವವಳು ಅವಳು. ಕಾಡಿನ ಸರಹದ್ದಿನೊಳಗೆ ಹೋಗುವುದಿಲ್ಲ, ಅರಣ್ಯ ಕಾಯಿದೆಯ ಪ್ರಕಾರ ಅಲ್ಲಿಯ ಮರ ಮಾತ್ರವಲ್ಲ, ಕಲ್ಲು ಮಣ್ಣು ಕೂಡ ಅರಣ್ಯದ ಉತ್ಪನ್ನ. ಧೂಪದಾಳದ ಹತ್ತಿರದ ಘಟಪ್ರಭಾ ಪಕ್ಷಿಧಾಮಕ್ಕೆ ಹೋದರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಕ್ಕಿ ನೋಡಿ ಬರುತ್ತೇನೆ. ಹಳೆಯ ಗುಡಿಗಳ ಆಸುಪಾಸಿನಲ್ಲಂತೂ ಉಗುರಷ್ಟು ಚೂರೂ ಬೇಡ. ಅದು ಯಾವ ಶಿಲ್ಪಿಯ ಯಾವ ಬೆರಳೋ.

ಇಷ್ಟು ಕಾಯಿದೆ ಪಾಲಿಸಿದ ಮೇಲೆ ಉಳಿಯುವುದು ಎರೆಹೊಲ. ದಡ್ಡಿಯ ಕಡೆ ಮಳೆ ಹೆಚ್ಚು, ಸುಣ್ಣ ನೆಲದಲ್ಲಿ ನಿಲ್ಲದೆ ತೊಳೆದು ಹೋಗುತ್ತದೆ. ಮೂಡಣಕ್ಕೆ ಹೋದಂತೆ, ಹುಕ್ಕೇರಿ ದಾಟಿ, ಗೋಕಾಕ ದಾಟಿ, ಮೂಡಲಗಿಯ ಕಡೆಗೆ ಮಳೆ ಕಡಿಮೆಯಾಗಿ ಮಣ್ಣು ಕಪ್ಪೇರುತ್ತದೆ. ಅಲ್ಲಿ ಮುಂಗಾರಿಗೆ ಮುಂಚೆ ರಂಟೆ ಹೊಡೆದ ಹೊಲದಲ್ಲಿ ನಿಂತು ನೋಡಿದರೆ ಕಪ್ಪು ಹೆಂಟೆಗಳ ನಡುವೆ ಬಿಳಿಯ ಹರಳುಗಳು ಬಿದ್ದಿರುತ್ತವೆ. ಗಂಟುಗಂಟು, ಸೊಟ್ಟಸೊಟ್ಟ, ಶುಂಠಿಯ ಬೇರಿನ ಆಕಾರ. ನಮ್ಮ ಕಪ್ಪುಕಲ್ಲೇ ಬಿಸಿಲು ಮಳೆಗೆ ಸವೆದು ಎರೆಯಾಗುವಾಗ ಅದರೊಳಗಿನ ಕ್ಯಾಲ್ಸಿಯಮ್ ನೀರಿಗೆ ಬಿದ್ದು ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಅಲ್ಲೇ ಸುಣ್ಣವಾಗಿ ಹೆಪ್ಪುಗಟ್ಟುತ್ತದೆ. ಖಡುವಿಗೆ ಸಮುದ್ರ ಬೇಕು. ಇದಕ್ಕೆ ನಮ್ಮ ಏಪ್ರಿಲ್ ಸಾಕು.

ಲಿಂಬೆಹಣ್ಣಿನ ಗುಟ್ಟು ಇಲ್ಲಿ ಬಯಲಾಗುತ್ತದೆ. ಬಿಳಿಯದೆಲ್ಲ ಸುಣ್ಣವಲ್ಲ. ಬೆಣಚು ಇರಬಹುದು, ಅದು ಗಾಜಿನ ಮೇಲೆ ಗೀರುತ್ತದೆ, ಹುಳಿಗೆ ಜಗ್ಗುವುದಿಲ್ಲ. ದಡ್ಡಿಯ ಕಪ್ಪುಕಲ್ಲಿನ ಗುಳಿಗಳಲ್ಲಿ ಬೆಳೆದ ಜಿಯೋಲೈಟ್ ಇರಬಹುದು. ನೋಡಲು ಹತ್ತಿಯ ಎಳೆ, ನಾಶಿಕ, ಪುಣೆಯ ಕಡೆಯಿಂದ ದೇಶವಿದೇಶದ ಸಂಗ್ರಾಹಕರ ಕಪಾಟುಗಳಿಗೆ ಹೋಗುವುದು ಇದೇ ಕುಲದ್ದು. ಅದೂ ಲಿಂಬೆಗೆ ನೊರೆಗುಟ್ಟುವುದಿಲ್ಲ. ಸುಣ್ಣದ ಹರಳಿನ ಮೇಲೆ ಮಾತ್ರ ಎರಡು ಹನಿ ಹಿಂಡಿ ಕಿವಿಯ ಹತ್ತಿರ ಹಿಡಿದರೆ ಸಣ್ಣ ಚುರುಚುರು ಕೇಳಿಸುತ್ತದೆ. ಕಲ್ಲನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ನಿಂತ ಮಾಸ್ತರನನ್ನು ಮೂಡಲಗಿ ಕಡೆಯ ಒಬ್ಬ ಹಿರಿಯ ರೈತ ದೂರದಿಂದ ಬಹಳ ಹೊತ್ತು ನೋಡಿದ.

"ಏನಂತೈತ್ರಿ ಮಾಸ್ತರ?"

"ಸುಣ್ಣ ಅದೀನಿ ಅಂತೈತಿ, ಕಾಕಾ."

"ಅದನ್ನ ನಾನ ಹೇಳತಿದ್ದೆ. ನಮ್ಮ ಮುತ್ತ್ಯಾನ ಕಾಲದಿಂದ ಇದನ್ನ ಹೊಲದಾಗಿಂದ ಹೊರಗ ಒಗದ ಒಗದ ಕೈ ಸೋತಾವು. ನಿಮಗ ಕಿಸೆ ಯಾಕ, ಟ್ರಾಕ್ಟರ ತರ್ರಿ."

ಕಾಯಿದೆಯೂ ರೈತನೂ ಟನ್ನಿನಲ್ಲೇ ಮಾತಾಡುವುದು ನನ್ನ ಹಣೆಬರಹ. ನಾನು ನನ್ನ ಉಪ ಖನಿಜ ನಿಯಮಗಳನ್ನು ವಿವರಿಸಿದೆ. ಅವನು ತಲೆಯಾಡಿಸುತ್ತ ಅಂಗೈಯಲ್ಲಿ ತಂಬಾಕು ತಿಕ್ಕಿ, ಡಬ್ಬಿಯಿಂದ ಉಗುರಿನ ತುದಿಯಲ್ಲಿ ಸುಣ್ಣ ತೆಗೆದು ಸೇರಿಸಿದ. ನಿಪ್ಪಾಣಿಯ ತಂಬಾಕಿನ ನಾಡಿದು. ಸುಣ್ಣವನ್ನು ನಾವು ಗೋಡೆಗಿಂತ ಹೆಚ್ಚು ಬಾಯಿಗೆ ಬಳಿದುಕೊಂಡಿದ್ದೇವೆ.

ನಮ್ಮ ಕಡೆಯ ಹಳ್ಳಗಳ ದಂಡೆಯಲ್ಲಿ ನನಗಿಂತ ಮೊದಲು ಅಡ್ಡಾಡಿದ ದೊಡ್ಡವರಿದ್ದಾರೆ ಎಂಬುದು ನನ್ನ ಧೈರ್ಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಕಾಲಲ್ಲಿ, ಕುದುರೆಯಲ್ಲಿ ಸುತ್ತಿದವನು. ಗೋಕಾಕದ ಹತ್ತಿರ ಅವನಿಗೆ ಸಿಕ್ಕಿದ್ದು ಘೇಂಡಾಮೃಗದ ಎಲುಬು, ಅದೂ ಈಗ ಜಗತ್ತಿನಲ್ಲಿ ಎಲ್ಲೂ ಇಲ್ಲದ ಜಾತಿಯದು. 1874ರಲ್ಲಿ ಅದಕ್ಕೆ ದಖನಿನ ಹೆಸರಿಟ್ಟು, ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಪ್ರಕಟಿಸಿದ. ಕರದಂಟಿನ ಊರಿನಲ್ಲಿ ಘೇಂಡಾಮೃಗ ಮೇಯುತ್ತಿತ್ತು ಎಂದು ಹೇಳಿದರೆ ನಮ್ಮ ಹುಡುಗರು ಎಂದೂ ನಂಬಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದ ಮೇಲೆ ಕೇಳಲೂ ಇಲ್ಲ. ಫೂಟ್ ಜೀವನವಿಡೀ ಕೂಡಿಸಿದ ಶಿಲಾಯುಗದ ಸಂಗ್ರಹವನ್ನು 1904ರಲ್ಲಿ ಮದರಾಸಿನ ಮ್ಯೂಜಿಯಂ ಕೊಂಡುಕೊಂಡಿತು. ನನ್ನ ಸಂಗ್ರಹ ಬಚ್ಚಲ ಕಿಟಕಿಯ ತನಕ ಬಂದಿದೆ. ಸಾಬೂನಿಗೆ ಜಾಗವಿಲ್ಲವೆಂಬ ತಕರಾರು ಈಗಾಗಲೇ ದಾಖಲಾಗಿದೆ.

ಎರೆಹೊಲದ ಈ ಸುಣ್ಣದ ಹರಳನ್ನೇ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಸುಣಗಾರರು ಭಟ್ಟಿಯಲ್ಲಿ ಸುಡುತ್ತಿದ್ದ ಕಾಲ ನನಗೆ ನೆನಪಿದೆ. ಸೌದೆಯ ಒಂದು ಥರ, ಹರಳಿನ ಒಂದು ಥರ, ಮತ್ತೆ ಸೌದೆ, ಮತ್ತೆ ಹರಳು. ಒಂಬೈನೂರು ಡಿಗ್ರಿಯ ಆಸುಪಾಸಿನ ಉರಿ ಹತ್ತಿದರೆ ಕಲ್ಲು ತನ್ನೊಳಗಿನ ಗಾಳಿ ಬಿಟ್ಟು ಹಗುರವಾಗುತ್ತಿತ್ತು. ಮಹಾನವಮಿ ಹತ್ತಿರ ಬಂತೆಂದರೆ ಮನೆಮನೆಗೆ ಬುಟ್ಟಿಯಲ್ಲಿ ಸುಟ್ಟ ಸುಣ್ಣ. ನಮ್ಮವ್ವ ಅದನ್ನು ಹಳೆಯ ಹರವಿಗೆ ಹಾಕಿ ನೀರು ಸುರಿದು ಮಕ್ಕಳನ್ನೆಲ್ಲ ದೂರ ಅಟ್ಟುತ್ತಿದ್ದಳು. ಒಲೆಯಿಲ್ಲ, ಕೆಂಡವಿಲ್ಲ, ಹರವಿ ತಾನೇ ಕೊತಕೊತ ಕುದಿಯುತ್ತಿತ್ತು. ದೂರ ನಿಂತೇ ನಾವು ಬೆವರುತ್ತಿದ್ದೆವು. ಮರುದಿನ ಅದಕ್ಕೆ ಗೋಂದು, ಒಂದು ಚಿಟಿಕೆ ನೀಲಿ. ನಾರಿನ ಕುಂಚ ಹಿಡಿದು ಅವ್ವ ಅಟ್ಟದಿಂದ ಕೆಳಕ್ಕೆ ಬಳಿಯುತ್ತ ಬಂದರೆ ಹಸಿಯಿದ್ದಾಗ ಗೋಡೆ ಮಾಸಲು, ಏನೂ ಬಳಿದಂತೆಯೇ ಇಲ್ಲ. ಒಣಗುತ್ತ ಒಣಗುತ್ತ ಮಧ್ಯಾಹ್ನಕ್ಕೆ ಕಣ್ಣು ಕುಕ್ಕುವಷ್ಟು ಬಿಳಿ. ಸಂಜೆ ಗೋಡೆಗೆ ಒರಗಿದವರ ಬೆನ್ನೆಲ್ಲ ಸುಣ್ಣ. ಯಾರ ಮನೆಯಲ್ಲಿ ಕೂತು ಹರಟೆ ಹೊಡೆದು ಬಂದಿ ಎಂದು ಅಪ್ಪ ಕೇಳಬೇಕಾಗಿರಲಿಲ್ಲ, ಬೆನ್ನೇ ಹೇಳುತ್ತಿತ್ತು. ಅವ್ವನ ಬೆರಳಿನ ಸಂದಿಗಳು ಸುಣ್ಣ ತಿಂದು ವಾರಗಟ್ಟಲೆ ಉರಿಯುತ್ತಿದ್ದವು. ಹಬ್ಬದ ಹೋಳಿಗೆಯನ್ನು ಅವಳು ಆ ಬೆರಳಲ್ಲೇ ತಟ್ಟುತ್ತಿದ್ದಳು. ಈಗ ಗೋಡೆಗಳಿಗೆ ಡಬ್ಬಿಯ ಬಣ್ಣ ಬಂದಿದೆ. ತೊಳೆದರೆ ಹೋಗುವುದಿಲ್ಲ, ಒರಗಿದರೆ ಹತ್ತುವುದಿಲ್ಲ, ಯಾರು ಯಾರ ಮನೆಗೆ ಹೋಗಿದ್ದರೆಂದು ತಿಳಿಯುವುದೂ ಇಲ್ಲ. ಭಟ್ಟಿಯಿದ್ದ ಜಾಗದಲ್ಲಿ ಮೊಬೈಲ್ ರಿಚಾರ್ಜಿನ ಅಂಗಡಿ ಇದೆ.

ಶಾಲೆಯಲ್ಲೂ ಅಷ್ಟೇ. ಹಸಿರು ಬೋರ್ಡು ಬಂತು, ಆಮೇಲೆ ಮಾರ್ಕರಿನ ಬಿಳಿ ಬೋರ್ಡು, ಆಮೇಲೆ ಗೋಡೆಯ ಮೇಲೆ ಪರದೆ. ಬಿಳಿಯ ಹಲಗೆಯ ಮೇಲೆ ಕರಿಯ ಅಕ್ಷರ ಬರೆಯಲು ನನ್ನ ಕೈ ಕೊನೆಯ ತನಕ ಒಪ್ಪಲಿಲ್ಲ. ಬಳಪ ಹೋದದ್ದು ಅದಕ್ಕೂ ಮೊದಲು. ಬಳಪವೆಂದರೆ ಬರೆಯುವ ವಸ್ತು ಮಾತ್ರವಲ್ಲ, ನಮ್ಮ ಶಾಲೆಗಳ ಮೊದಲ ಬಿಸಿಯೂಟವೂ ಅದೇ. ಮಾರ್ಕಾಪುರದಿಂದ ಬಂದ ಪಾಟಿಯ ಮೇಲೆ ಅರ್ಧ ಬಳಪ ಸವೆದರೆ ಉಳಿದರ್ಧ ಹೊಟ್ಟೆಯಲ್ಲಿ ಸವೆಯುತ್ತಿತ್ತು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತನ್ನದನ್ನು ಮುಗಿಸಿ ಮಗ್ಗುಲಿನವರದನ್ನೂ ಮುಗಿಸುತ್ತಿದ್ದಳು. "ಬಾಯಿ ತಗಿ" ಎಂದರೆ ನಾಲಗೆಯ ಮೇಲೆ ಬೂದು ಬಣ್ಣದ ಗಸಿ. "ಅಕ್ಷರ ಹೊಟ್ಯಾಗ ಹೋದರ ಲಗೂ ಬರತಾವಂತ ನಮ್ಮಾಯಿ ಹೇಳ್ಯಾಳ್ರಿ ಸರ," ಎಂದು ಉತ್ತರ. ಅವಳ ಆಯಿ ಹೇಳಿದ್ದು ಸುಳ್ಳಾಗಲಿಲ್ಲ. ಹುಡುಗಿ ಓದಿ, ಕೆಲಸ ಹಿಡಿದು, ಮದುವೆಯಾಗಿ ಈಗ ಇಂಗ್ಲೆಂಡಿನ ದಕ್ಷಿಣ ದಂಡೆಯ ಸಸೆಕ್ಸ್ ಸೀಮೆಯಲ್ಲಿದ್ದಾಳೆ.

ನನ್ನ ಹುಚ್ಚಿನ ಸುದ್ದಿ ಅವಳ ತನಕ ಹೋಗಿತ್ತು. ಊರಿನ ಜಾತ್ರೆಗೆ ಬಂದವಳು ಮನೆಗೆ ಬಂದು ಕಾಲು ಮುಟ್ಟಿ, ಪರ್ಸಿನಿಂದ ಕಾಗದದಲ್ಲಿ ಸುತ್ತಿದ ಒಂದು ತುಂಡು ತೆಗೆದು ಕೊಟ್ಟಳು. "ಕಡಲ ದಂಡಿ ಬಂಡಿದಲ್ರಿ ಸರ, ಅದನ್ನ ಕಡಿದ ತಗೊಳ್ಳೂ ಹಂಗಿಲ್ಲ. ನಮ್ಮ ಬಾಜೂ ಮನಿಯಾಕಿ ಗಿಡಾ ಹಚ್ಚಾಕ ಹಿತ್ತಲ ಅಗದಿದ್ಲು, ಕೇಳಿ ತಂದೇನಿ." ಕಾಯಿದೆಯ ವಿಷಯದಲ್ಲಿ ನನ್ನ ಶಿಷ್ಯೆಯೇ ಸರಿ.

ಲಿಂಬೆಹಣ್ಣು ಬಂತು. ಎರಡು ಹನಿಗೆ ಅದು ಉಕ್ಕಿದ ರೀತಿ ನೋಡಬೇಕಿತ್ತು. ನಮ್ಮ ಹರಳಿನದು ಪಿಸುಮಾತಾದರೆ ಇದರದು ಶಾಲೆ ಬಿಟ್ಟ ಗದ್ದಲ. ಮುಟ್ಟಿದರೆ ಬೆರಳಿಗೆ ಬಿಳಿ ಹತ್ತಿತು, ಎಷ್ಟೋ ದಿನದ ಮೇಲೆ. ಅಂಗಳದ ಕಡಪಾ ಕಲ್ಲಿನ ಮೇಲೆ ಎಳೆದೆ, ಗೆರೆ ಮೂಡಿತು. ಕಣ್ಣಿಗೆ ಕಾಣದ ಬಿಲ್ಲೆಗಳು ಎಷ್ಟು ಲಕ್ಷ ಉಜ್ಜಿಹೋದವೋ ಆ ಒಂದು ಗೆರೆಗೆ. ಏನು ಬರೆಯಬೇಕೆಂದು ತೋಚಲಿಲ್ಲ. ಹುಡುಗಿ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಅತ್ತಿತ್ತ ನೋಡಿ, ನಾಲಗೆಯ ತುದಿ ತಾಗಿಸಿದಳು.

"ಹೆಂಗೈತವ್ವ?"

"ರುಚಿ ಇಲ್ರಿ ಸರ. ನಮ್ಮ ಬಳಪದ ಹಂತೇಕ ನಿಂದ್ರಂಗಿಲ್ಲ."

ಇಷ್ಟಾದ ಮೇಲೆ ನನ್ನ ಹುಡುಕಾಟ ಮುಗಿಯಿತೆಂದು ಮನೆಯಲ್ಲಿ ಸಮಾಧಾನವಾಗಿತ್ತು. ಖಡು ಸಿಕ್ಕಿತಲ್ಲ, ಇನ್ನು ಸೊಸೈಟಿಯ ಲೆಕ್ಕ ಬರೆಯಬಹುದು ಎಂದು. ಆದರೆ ಯಾರೋ ತಂದು ಕೊಟ್ಟದ್ದು ಉಡುಗೊರೆಯಾಗುತ್ತದೆ, ಅದಕ್ಕೆ ಉಗುರಿಗೆ ಮಣ್ಣು ಹತ್ತಿದ ಸುಖವಿಲ್ಲ. ಅದನ್ನು ಬಚ್ಚಲ ಕಿಟಕಿಯಲ್ಲಿ ಇಡಲಿಲ್ಲ, ದೇವರ ಜಗಲಿಯ ಮೂಲೆಯಲ್ಲಿ ವಿಭೂತಿ ಗಟ್ಟಿಯ ಮಗ್ಗುಲಿಗೆ ಇಟ್ಟಿದ್ದೇನೆ. ಅವಸರದಲ್ಲಿ ಎರಡು ಸಲ ಅದನ್ನೇ ಹಣೆಗೆ ಹಚ್ಚಿಕೊಂಡು ಸಂತೆಗೂ ಹೋಗಿ ಬಂದೆ. ಯಾರಿಗೂ ಫರಕು ತಿಳಿಯಲಿಲ್ಲ.

ಮೊನ್ನೆ ಮೂಡಲಗಿ ಕಡೆಯ ಕಾಕಾ ಫೋನು ಮಾಡಿದ್ದ. ಹೊಲದಲ್ಲಿ ಬಾವಿ ತೋಡಿಸುತ್ತಿದ್ದಾನಂತೆ. ಎರೆ ಮುಗಿದ ಮೇಲೆ ಒಂದಾಳು ಕೆಳಗೆ ಬೆಳ್ಳಗಿನ ಥರ ಹತ್ತಿದೆ, ಮೆತ್ತಗಿದೆ, ಸಲಿಕೆಗೆ ಹತ್ತಿಕೊಂಡು ಬರುತ್ತದೆ, ಕೂಲಿಯ ಹುಡುಗನೊಬ್ಬ ಅದರಿಂದ ಬಾವಿಯ ಕಟ್ಟೆಯ ಮೇಲೆ ತನ್ನ ಹೆಸರು ಬರೆದಿದ್ದಾನೆ ಎಂದ. ಅದು ಖಡು ಆಗಿರಲಾರದು. ಎರೆಯ ಕೆಳಗಿನ ಸುಣ್ಣದ ಮಣ್ಣೇ, ನನಗೆ ಗೊತ್ತು.

"ಬರೀತೈತೇನು?" ಎಂದು ಮತ್ತೊಮ್ಮೆ ಕೇಳಿದೆ.

"ಬರೀತೈತಿ. ಹುಡುಗನ ಕಾಗುಣಿತ ಅಷ್ಟ ತಪ್ಪೈತಿ, ನೀವ ಬಂದ ತಿದ್ದರಿ," ಎಂದ ಕಾಕಾ. "ಮು‌ಂಜಾನಿ ಮೊದಲನೇ ಬಸ್ಸಿಗೆ ಬರ್ರಿ, ರೊಟ್ಟಿ ಇಲ್ಲೇ. ಲಿಂಬಿಹಣ್ಣ ಅಷ್ಟ ನೀವ ತರ್ರಿ, ಇಲ್ಲೆ ಭಾಳ ತುಟ್ಟಿ ಆಗ್ಯಾವು."